ಇಲಿ ಪೇಸ್ಟ್ ಮಾರೋದು ನಿಲ್ಲಿಸಿ, ಮನೆ ತೂತು ಮುಚ್ಚಿಸಿ

ಸಂಪಾದಕರಿಗೆ ನಮಸ್ಕಾರ,

ರಾಗಿ ಕೊಯ್ಲು ಮುಗೀತಾ ಬಂತು, ಹೊಲದಲ್ಲಿ ತಿನ್ನಕ್ಕೆ ಇನ್ನೇನೂ ಇಲ್ಲ, ಇಲಿಗಳೆಲ್ಲ ಊರೊಳಗೆ ಬರೋ ಟೈಮು. ನಾನು ತಿಪಟೂರಲ್ಲಿ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ ನಡೆಸ್ತೀನಿ. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ‘ಅಣ್ಣ ಇಲಿಗೆ ಏನಾದ್ರೂ ಕೊಡಣ್ಣ, ರಾತ್ರಿ ಎಲ್ಲ ನಿದ್ದೆ ಇಲ್ಲ’ ಅಂತ ಬರೋರು ಈಗ ಜಾಸ್ತಿ ಆಗಿದಾರೆ. ಹೆಚ್ಚಿನೋರು ಕೇಳೋದು ಪೇಸ್ಟು. ನಮ್ಮಲ್ಲಿ ಪೇಸ್ಟ್ ಇಡಲ್ಲ, ನಮ್ಮಪ್ಪನ ಕಾಲದಿಂದಲೂ ಇಡಲ್ಲ, ಬೋನು ಇದೆ, ಜಾಲರಿ ಇದೆ ಅಂದ್ರೆ ಮುಖ ಸಣ್ಣಗೆ ಮಾಡ್ಕೊಂಡು ಸೀದಾ ಪ್ರಾವಿಜನ್ ಸ್ಟೋರಿಗೆ ಹೋಗ್ತಾರೆ, ಅಲ್ಲಿ ಶಾಂಪೂ ಸ್ಯಾಷೆ, ಬಿಸ್ಕೆಟ್ ಪ್ಯಾಕೆಟ್ ಪಕ್ಕದಲ್ಲೇ ನೇತಾಡ್ತಿರುತ್ತೆ, ಯಾರು ಕೇಳಿದ್ರೂ ಕೊಡ್ತಾರೆ, ಸ್ಕೂಲ್ ಹುಡುಗರು ಕೇಳಿದ್ರೂ ಕೊಡ್ತಾರೆ. ಇದರ ಬಗ್ಗೆನೇ ನಾನು ನಿಮ್ಮ ಪತ್ರಿಕೆಗೆ ಬರೀತಿರೋದು. ಈ ಪೇಸ್ಟು ನಮ್ಮ ರಾಜ್ಯದಲ್ಲಿ ಅಂಗಡಿ ಅಂಗಡೀಲಿ ಸಿಗೋದು ನಿಲ್ಲಬೇಕು.

ಆ ಟ್ಯೂಬಲ್ಲಿ ಇರೋದು ಹಳದಿ ರಂಜಕ, ಅಂದ್ರೆ ಯೆಲ್ಲೋ ಫಾಸ್ಫರಸ್. ಇದು ಮನುಷ್ಯರ ಹೊಟ್ಟೆಗೆ ಹೋದ್ರೆ ಮೊದಲು ಸ್ವಲ್ಪ ವಾಂತಿ, ಹೊಟ್ಟೆನೋವು ಬರಬಹುದು, ಆಮೇಲೆ ಒಂದೆರಡು ದಿನ ಆರಾಮಾಗೇ ಇದಾರೆ ಅನ್ಸುತ್ತೆ, ಮನೆಯವರು ಏನೂ ಆಗಿಲ್ಲ ಬಿಡು ಅಂತ ಸುಮ್ಮನಾಗ್ತಾರೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗ್ತಾ ಹೋಗಿರುತ್ತೆ, ಕಣ್ಣು ಹಳದಿ ಆಗಿ ಆಸ್ಪತ್ರೆಗೆ ಹೋದಾಗ ಬಹಳ ಲೇಟ್ ಆಗಿರುತ್ತೆ. ಈ ವಿಷಕ್ಕೆ ಇದೇ ಮದ್ದು ಅಂತ ಒಂದು ಆಂಟಿಡೋಟ್ ಇಲ್ಲ. ಟೂತ್‌ಪೇಸ್ಟ್ ಅಂತ ತಿಳ್ಕೊಂಡು ಇದರಲ್ಲಿ ಹಲ್ಲುಜ್ಜಿ ಜೀವ ಕಳ್ಕೊಂಡೋರ ಸುದ್ದಿ ಪತ್ರಿಕೆಗಳಲ್ಲೇ ಓದಿದೀವಿ. ಯಾಕೆ ಆಗಲ್ಲ ಹೇಳಿ, ಟ್ಯೂಬಿನ ಸೈಜು, ಮುಚ್ಚಳ, ಹಿಂಡಿದ್ರೆ ಬರೋ ರೀತಿ ಎಲ್ಲ ಅದೇ ಥರ, ಬೆಳಗಿನ ಜಾವ ಕತ್ತಲಲ್ಲಿ ಬಚ್ಚಲುಮನೆ ಗೂಡಿಗೆ ಕೈ ಹಾಕೋ ಕಣ್ಣು ಕಾಣದ ಅಜ್ಜಿಗೆ ಏನು ಗೊತ್ತಾಗುತ್ತೆ.

ಮೊನ್ನೆ ಒಬ್ಬ ಹೆಣ್ಮಗಳು ಜಾಲರಿ ತಗೊಳಕ್ಕೆ ನಮ್ಮ ಅಂಗಡಿಗೆ ಬಂದಿದ್ರು, ಸೊಂಟದ ಮೇಲೆ ಮಗು, ಹೆಗಲಲ್ಲಿ ಬಾಯಿ ತೆಗೆದಿರೋ ಬ್ಯಾಗು. ನಾನು ಜಾಲರಿ ಕತ್ತರಿಸಿ ತಿರುಗಿ ನೋಡ್ತೀನಿ, ಮಗು ಬ್ಯಾಗಿಂದ ಪೇಸ್ಟಿನ ಟ್ಯೂಬ್ ಎಳ್ಕೊಂಡು ಅದರ ಮುಚ್ಚಳ ಬಾಯಲ್ಲಿ ಇಟ್ಕೊಂಡು ಕಚ್ತಾ ಇದೆ. ‘ಅಮ್ಮ ಮೊದಲು ಅದನ್ನ ಕಿತ್ಕೊಳ್ಳಿ’ ಅಂತ ಕೂಗಿದೆ. ಅವರು ‘ಸೀಲ್ ಒಡೆದಿಲ್ಲ ಕಣಣ್ಣ’ ಅಂತ ಟ್ಯೂಬ್ ತಗೊಂಡು, ಸೆರಗಲ್ಲಿ ಒರೆಸಿ, ಅದೇ ಬ್ಯಾಗಲ್ಲಿ ಬ್ರೆಡ್ ಪ್ಯಾಕೆಟ್ ಮೇಲೆ ಹಾಕ್ಕೊಂಡ್ರು. ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಬ್ರೆಡ್ ಮಾರೋ ಅಂಗಡಿಯವರೇ ಅದನ್ನೂ ಕೊಟ್ಟಿದ್ರು, ಅಂದ್ಮೇಲೆ ಮಾಮೂಲಿ ಸಾಮಾನು ಅಂತ ತಾನೇ ಜನ ಅಂದ್ಕೊಳ್ಳೋದು.

ಪಕ್ಕದ ತಮಿಳುನಾಡಲ್ಲಿ ಈ ರಂಜಕದ ಪೇಸ್ಟನ್ನ ಬ್ಯಾನ್ ಮಾಡಿದಾರೆ. ಮನೇಲಿ ಜಗಳ ಆಗಿ, ಸಾಲದ ಚಿಂತೆಗೆ, ಪರೀಕ್ಷೆ ರಿಸಲ್ಟ್ ನೋಡಿ ಮನಸ್ಸು ಕೆಟ್ಟಿರೋ ಹೊತ್ತಲ್ಲಿ ಕೈಗೆ ಸುಲಭವಾಗಿ ಸಿಗಬಾರದು ಅನ್ನೋದು ಅಲ್ಲಿ ಡಾಕ್ಟರುಗಳು ಮುಂದಿಟ್ಟ ಮುಖ್ಯ ಕಾರಣ. ಅದೆಷ್ಟು ನಿಜ ಅಂದ್ರೆ ಆ ಘಳಿಗೆ ದಾಟಿದ್ರೆ ಎಷ್ಟೋ ಜೀವ ಉಳಿಯುತ್ತೆ. ನಮ್ಮ ಸರ್ಕಾರಕ್ಕೂ ಇದು ಕಷ್ಟದ ಕೆಲಸ ಏನಲ್ಲ, ಮನಸ್ಸು ಮಾಡಬೇಕು ಅಷ್ಟೆ.

ಪೇಸ್ಟ್ ಬಿಟ್ರೆ ಜನ ಕೇಳೋದು ‘ಮಾತ್ರೆ’. ಕಾಳು ಕೆಡದ ಹಾಗೆ ಗೋಡೌನಲ್ಲಿ ಇಡ್ತಾರಲ್ಲ ಅದು, ಅಲ್ಯೂಮಿನಿಯಂ ಫಾಸ್ಫೈಡ್. ಗಾಳೀಲಿರೋ ತೇವ ತಗುಲಿದ್ರೆ ಸಾಕು ಅದರಿಂದ ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬರುತ್ತೆ. ಇದನ್ನ ಸರ್ಕಾರಿ ಸಂಸ್ಥೆಗಳು, ಲೈಸೆನ್ಸ್ ಇರೋ ಪೆಸ್ಟ್ ಕಂಟ್ರೋಲ್‌ನವರು ಬಿಟ್ಟು ಬೇರೆ ಯಾರೂ ಬಳಸೋ ಹಾಗಿಲ್ಲ ಅಂತ ರೂಲ್ಸೇ ಇದೆ, ಆದ್ರೂ ‘ರಾಗಿ ಕಣಜಕ್ಕೆ ಎರಡು ಮಾತ್ರೆ ಸಿಗುತ್ತಾ’ ಅಂತ ಬಂದು ಕೇಳ್ತಾರೆ, ಎಲ್ಲೋ ಸಿಗೋದಕ್ಕೇ ಅಲ್ವಾ ಕೇಳೋದು. ಮಲಗೋ ಮನೇಲಿ ಇಂಥದ್ದನ್ನ ಇಟ್ರೆ ಏನಾಗುತ್ತೆ ಅನ್ನೋದಕ್ಕೆ 2024ರ ನವೆಂಬರಲ್ಲಿ ಚೆನ್ನೈ ಹತ್ತಿರ ಕುಂದ್ರತ್ತೂರಲ್ಲಿ ನಡೆದಿದ್ದು ನೋಡಿ, ಇಲಿ ಕಾಟ ಅಂತ ಪೆಸ್ಟ್ ಕಂಟ್ರೋಲ್‌ನವರನ್ನ ಕರೆಸಿ ಮನೆಯೊಳಗೆ ಪುಡಿ ಇಡಿಸಿದ್ದ ಒಂದು ಕುಟುಂಬದಲ್ಲಿ ರಾತ್ರಿ ಎಸಿ ಹಾಕ್ಕೊಂಡು ಬಾಗಿಲು ಮುಚ್ಚಿ ಮಲಗಿದ್ದಾಗ ಎರಡು ಪುಟ್ಟ ಮಕ್ಕಳು ತೀರಿಕೊಂಡವು. ಅದೇ ವರ್ಷ ಆಗಸ್ಟಲ್ಲಿ ಬೆಂಗಳೂರಿನ ಒಂದು ಹಾಸ್ಟೆಲಲ್ಲಿ ಇಲಿಗೆ ಅಂತ ವಿಷ ಹೊಡೆದು ನರ್ಸಿಂಗ್ ಓದೋ ಹುಡುಗರು ಉಸಿರಾಡಕ್ಕೆ ಆಗದೆ ಆಸ್ಪತ್ರೆ ಸೇರಿದ್ರು. ನಮ್ಮ ಹಿರಿಯರು ಇಲಿ ಪಾಷಾಣ ಅಂತಿದ್ದ ಕರಿ ಪುಡಿ, ಜಿಂಕ್ ಫಾಸ್ಫೈಡು, ಅದೂ ಇದೇ ಜಾತಿಯದ್ದೇ, ಹೊಟ್ಟೆಯೊಳಗೆ ಹೋಗಿ ಅದೇ ಗ್ಯಾಸ್ ಆಗುತ್ತೆ.

ಇನ್ನು ಗಮ್ ಪ್ಯಾಡ್. ನೋಡಕ್ಕೆ ಪುಸ್ತಕದ ರಟ್ಟಿನ ಥರ ಇರುತ್ತೆ, ವಿಷ ಇಲ್ಲ, ಸೇಫ್ ಅಂತ ಜನ ತಗೊಂಡು ಹೋಗ್ತಾರೆ. ಅದರಲ್ಲಿ ಸಿಕ್ಕಿದ ಇಲಿ ರಾತ್ರಿ ಪೂರ್ತಿ ಚೀರುತ್ತೆ, ಬಿಡಿಸ್ಕೊಳಕ್ಕೆ ತನ್ನ ಕಾಲನ್ನೇ ಕಚ್ಕೊಳುತ್ತೆ, ಭಯಕ್ಕೆ ಅಲ್ಲೇ ಉಚ್ಚೆ ಹೊಯ್ಯುತ್ತೆ, ಬೆಳಗ್ಗೆ ಎದ್ದು ನಾವು ಬರಿಗೈಲಿ ಅದನ್ನ ಎತ್ತೋದು. ಇಲಿ ಒಂದೇ ಅಲ್ಲ, ಹಲ್ಲಿ, ಅಳಿಲು, ಗುಬ್ಬಿ, ಬೆಕ್ಕಿನ ಮರಿ ಎಲ್ಲ ಅಂಟ್ಕೊಳುತ್ತೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನ ನಿಲ್ಲಿಸಿ ಅಂತ ರಾಜ್ಯಗಳಿಗೆ ಪತ್ರ ಬರೆದು ಎಷ್ಟೋ ವರ್ಷ ಆಯ್ತು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆನೂ ಇದೆ, ಆದ್ರೂ ಆನ್‌ಲೈನಲ್ಲೂ ಸಿಗುತ್ತೆ, ಸಂತೇಲೂ ಸಿಗುತ್ತೆ. ನಿಮ್ಮ ಮನೇಲಿ ಪಾಪದ ಪ್ರಾಣಿ ಏನಾದ್ರೂ ಅದಕ್ಕೆ ಅಂಟ್ಕೊಂಡ್ರೆ ಎಳೀಬೇಡಿ, ಅಡುಗೆ ಎಣ್ಣೆ ನಿಧಾನಕ್ಕೆ ಹಚ್ತಾ ಹೋದ್ರೆ ಬಿಡುತ್ತೆ.

ಕೇಕ್ ಅಂತ ಬರುತ್ತಲ್ಲ, ನೀಲಿ ಬಣ್ಣದ್ದು, ಬ್ರೋಮಡಯೋಲೋನ್, ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕೆಲವು ದಿನ ಬಿಟ್ಟು ಕೊಲ್ಲುತ್ತೆ. ಮನುಷ್ಯರು ತಿಂದ್ರೆ ಇದಕ್ಕೆ ವಿಟಮಿನ್ ಕೆ ಕೊಟ್ಟು ಟ್ರೀಟ್‌ಮೆಂಟ್ ಮಾಡಬಹುದು, ಆ ಲೆಕ್ಕಕ್ಕೆ ಪೇಸ್ಟಿಗಿಂತ ವಾಸಿ. ಆದ್ರೆ ತಿಂದ ಇಲಿ ಅಟ್ಟದ ಸಂದೀಲೋ ಗೋಡೆ ಒಳಗೋ ಸತ್ತು ವಾರಗಟ್ಟಲೆ ನಾರುತ್ತೆ, ಸಾಯೋ ಮುಂಚೆ ತೂರಾಡ್ತಾ ಹೊರಗೆ ಬಂದ್ರೆ ಬೆಕ್ಕು ಹಿಡಿಯುತ್ತೆ, ಗೂಬೆ ಹಿಡಿಯುತ್ತೆ, ವಿಷ ಅವುಗಳಿಗೂ ಏರುತ್ತೆ. ಗೂಬೆ, ಕೇರೆ ಹಾವು ಇವೆರಡೂ ನಮ್ಮ ತೋಟಗಳಲ್ಲಿ ಸಂಬಳ ಇಲ್ಲದೆ ಕೆಲಸ ಮಾಡೋ ಕಾವಲುಗಾರರು, ಅವುಗಳನ್ನ ಕೊಂದು ಇಲಿ ಜಾಸ್ತಿ ಆಯ್ತು ಅಂತ ಅತ್ತರೆ ಹೇಗೆ.

ಹಾಗಾದ್ರೆ ಏನು ಮಾಡಬೇಕು ಅಂತ ಕೇಳ್ತೀರಿ. ಮೊದಲು ಬಂದಿರೋದು ಯಾವುದು ಅಂತ ನೋಡ್ಕೊಳ್ಳಿ. ಅಟ್ಟ, ತೊಲೆ, ವೈರ್ ಮೇಲೆ ಓಡಾಡೋದು ಮನೆ ಇಲಿ, ಅದು ಓಡಾಡಿದ ದಾರೀಲಿ ತೊಲೆ ಮೇಲೆ ಜಿಡ್ಡು ಹತ್ತಿದ ಕಪ್ಪು ಗುರುತು ಇರುತ್ತೆ. ಹಿತ್ತಲಲ್ಲಿ ಮಣ್ಣು ಗುಡ್ಡೆ ಹಾಕಿ ಬಿಲ ತೋಡಿ ಮೋರಿ ಮೂಲಕ ಬರೋದು ಹೆಗ್ಗಣ. ಬೀರು ಒಳಗೆ, ಪುಸ್ತಕದ ಮಧ್ಯೆ ಅಕ್ಕಿ ಕಾಳಿನಷ್ಟು ಸಣ್ಣ ಹಿಕ್ಕೆ ಇದ್ರೆ ಸುಂಡಿಲಿ. ಉದ್ದ ಮೂತಿ ಇಟ್ಕೊಂಡು ಗೋಡೆ ಪಕ್ಕ ಚಿಂವ್ ಚಿಂವ್ ಅಂತ ಓಡೋ ವಾಸನೆ ಮೂಗಿಲಿನ ದಯವಿಟ್ಟು ಬಿಟ್ಟುಬಿಡಿ, ಅದು ತಿನ್ನೋದು ಜಿರಲೆ ಹುಳ, ಇಲಿ ಜಾತಿನೇ ಅಲ್ಲ ಅದು. ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ಹೆಗ್ಗಣಕ್ಕೆ ಸುಂಡಿಲಿ ಬೋನು ಇಟ್ರೆ ಬೋನನ್ನೇ ಮಗುಚಿ ಹಾಕಿ ಹೋಗುತ್ತೆ, ಆಮೇಲೆ ಬಂದು ನಿಮ್ಮ ಬೋನು ಸರಿ ಇಲ್ಲ ಅಂತಾರೆ.

ಬೋನು ಇಡೋದ್ರಲ್ಲೂ ಒಂದು ಕ್ರಮ ಇದೆ. ಇಲಿಗೆ ಹೊಸ ವಸ್ತು ಕಂಡ್ರೆ ಅನುಮಾನ, ಮೊದಲ ರಾತ್ರಿ ಹತ್ತಿರಾನೇ ಬರಲ್ಲ. ಅದಕ್ಕೆ ಎರಡು ಮೂರು ರಾತ್ರಿ ಬೋನಿನ ಬಾಗಿಲನ್ನ ದಾರದಲ್ಲಿ ಮೇಲಕ್ಕೆ ಕಟ್ಟಿ, ಒಳಗೆ ತಿಂಡಿ ಇಟ್ಟು ಹಾಗೇ ಬಿಡಿ, ಬಂದು ತಿಂದು ಹೋಗಲಿ, ಅಭ್ಯಾಸ ಆಗಲಿ, ಆಮೇಲೆ ದಾರ ಬಿಚ್ಚಿ ಕೊಂಡಿ ಸಿಗಿಸಿ. ನಡುಮನೇಲಿ ಇಡಬೇಡಿ, ಇಲಿ ಗೋಡೆ ಒರೆಸ್ಕೊಂಡೇ ಓಡೋದು, ಗೋಡೆಗೆ ಒತ್ತಿ ಇಡಿ. ಸುಟ್ಟ ಕೊಬ್ಬರಿ ಒಳ್ಳೆ ತಿಂಡಿ ಅಂತ ಎಲ್ಲರೂ ಹೇಳ್ತಾರೆ, ಬೇರೆ ಊರಲ್ಲಿ ಅದು ನಿಜ, ನಮ್ಮ ಊರಲ್ಲಿ ಅಟ್ಟದ ತುಂಬ ಕಾಯಿ ಇರುವಾಗ ಒಂದು ಚೂರು ಕೊಬ್ಬರಿಗೆ ಯಾವ ಇಲಿ ಬೋನಿಗೆ ಬರುತ್ತೆ? ಅಲ್ಲಿಗೆ ಮಸಾಲೆ ವಡೆ, ಈರುಳ್ಳಿ ಬೋಂಡ, ಕಡ್ಲೆಕಾಯಿ ಚಿಕ್ಕಿ, ತಿನ್ನೋರ ಮನೇಲಾದ್ರೆ ಒಣಮೀನು. ಒಂದೇ ಬೋನು ಇಟ್ಟು ವಾರ ಕಾಯೋದಕ್ಕಿಂತ ನೆಂಟರಿಷ್ಟರ ಮನೆಯಿಂದ ಇಸ್ಕೊಂಡು ನಾಲ್ಕಾರು ಬೋನು ಒಟ್ಟಿಗೇ ಇಡೋದು ವಾಸಿ.

ಸಿಕ್ಕಿದ ಇಲಿನ ಬಕೆಟ್ ನೀರಲ್ಲಿ ಮುಳುಗಿಸೋದು ನನಗೆ ಸರಿ ಕಾಣಲ್ಲ, ಒದ್ದಾಡಿ ಸಾಯುತ್ತೆ ಪಾಪ. ರಸ್ತೆ ಆಚೆ ಬಿಟ್ಟು ಬರೋದೂ ಪ್ರಯೋಜನ ಇಲ್ಲ, ನಿಮ್ಮನೆಗೇ ವಾಪಸ್ ಬರುತ್ತೆ ಇಲ್ಲ ಎದುರುಮನೆಯವರ ಪಾಲಾಗುತ್ತೆ. ಕೊಲ್ಲಲೇಬೇಕು ಅನ್ನೋರು ಸ್ಪ್ರಿಂಗ್ ಇರೋ ಗಟ್ಟಿ ಹಲಗೆ ಟ್ರ್ಯಾಪ್ ಇಡಿ, ಒಂದೇ ಏಟಿಗೆ ಮುಗಿಯುತ್ತೆ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ ಇಡಬೇಕು ಅಷ್ಟೆ.

ಆದ್ರೆ ಬೋನು ಇರಲಿ ವಿಷ ಇರಲಿ, ತೂತು ಮುಚ್ಚದೆ ಏನು ಮಾಡಿದ್ರೂ ವೇಸ್ಟು, ಇದನ್ನ ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಹೆಣ್ಣು ಇಲಿ ಗಬ್ಬ ಆಗಿ ಸುಮಾರು 21ರಿಂದ 23 ದಿನಕ್ಕೆ ಮರಿ ಹಾಕುತ್ತೆ, ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕಕ್ಕೆ ರೆಡಿ. ನೀವು ಹಿಡಿದಿದ್ದರ ಜಾಗಕ್ಕೆ ಮೋರಿಯಿಂದ ಇನ್ನೊಂದು ಬರುತ್ತೆ. ಸುಂಡಿಲಿಗೆ ಕಾಲಿಂಚು ಸಂದಿ ಸಾಕು, ದೊಡ್ಡ ಇಲಿಗೆ ಅರ್ಧ ಇಂಚು ಚಿಲ್ಲರೆ ಸಾಕು, ತಲೆ ತೂರಿದ್ರೆ ಮೈ ತೂರಿತು. ಹಾಗಾಗಿ ಕಿಟಕಿಗೆ, ಗಾಳಿಗೂಡಿಗೆ ಕಾಲಿಂಚಿನ ತಂತಿ ಜಾಲರಿ ಹಾಕಿ, ಪ್ಲಾಸ್ಟಿಕ್ ಸೊಳ್ಳೆ ಜಾಲರಿ ಹಾಕಿದ್ರೆ ಒಂದೇ ರಾತ್ರಿಗೆ ಕಡಿದು ಹಾಕುತ್ತೆ, ಯಾಕಂದ್ರೆ ಇಲಿಯ ಮುಂದಿನ ಹಲ್ಲು ಬೆಳೀತಾನೇ ಇರುತ್ತೆ, ಅದು ಏನನ್ನಾದ್ರೂ ಕಡೀತಾನೇ ಇರಬೇಕು. ಬಾಗಿಲ ಕೆಳಗಿನ ಸಂದಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೀರಿ. ನೀರಿನ ಪೈಪು, ಗ್ಯಾಸ್ ಪೈಪು ಗೋಡೆ ಒಳಗೆ ಹೋಗೋ ಕಡೆ ಸುತ್ತ ಸಂದಿ ಇರುತ್ತಲ್ಲ, ಪ್ಲಂಬರ್‌ಗಳು ಹಾಗೇ ಬಿಟ್ಟು ಹೋಗ್ತಾರೆ, ಅಲ್ಲಿಗೆ ಪಾತ್ರೆ ಉಜ್ಜೋ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಹೆಗ್ಗಣದ ಬಿಲಕ್ಕೆ ಗಾಜಿನ ಚೂರು ಕಲಸಿದ ಸಿಮೆಂಟು, ಹಳೇ ಕಾಲದ್ದು, ಈಗಲೂ ಅದಕ್ಕಿಂತ ಒಳ್ಳೇದಿಲ್ಲ. ಬಚ್ಚಲ ನೀರು ಹೋಗೋ ಕಡೆ ಕಬ್ಬಿಣದ ಜಾಲಿ ಸ್ಕ್ರೂ ಹಾಕಿ ಕೂರಿಸಿ, ಸುಮ್ಮನೆ ಮೇಲಿಟ್ರೆ ಹೆಗ್ಗಣ ಎತ್ತಿ ಬಿಸಾಕುತ್ತೆ.

ನಮ್ಮ ಕಡೆಯವರಿಗೆ ಅಟ್ಟದ ಮಾತು ಹೇಳಲೇಬೇಕು. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಅರಸೀಕೆರೆ ಕಡೆ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ, ಒಳಗಿನ ನೀರು ಇಂಗಿ ಗಿಟುಕು ಅಲ್ಲಾಡೋ ತನಕ. ಅಷ್ಟೂ ತಿಂಗಳು ಅದು ಇಲಿ ಬಾಯಿಗೆ ಬಿದ್ದ ಹಾಗೆ. ಉಂಡೆ ಕೊಬ್ಬರಿಗೆ 2025ರ ಸೀಸನ್ನಿನ ಬೆಂಬಲ ಬೆಲೆನೇ ಕ್ವಿಂಟಾಲಿಗೆ 12,100 ರೂಪಾಯಿ ಇತ್ತು, ಮಾರ್ಕೆಟ್ ರೇಟು ಅದನ್ನೂ ದಾಟಿ ಹೋಯ್ತು, ಒಂದೊಂದು ತೂತು ಬಿದ್ದ ಕಾಯಿನೂ ದುಡ್ಡು. ಅದಕ್ಕೆ ರೈತರು ಅಟ್ಟಕ್ಕೇ ವಿಷ ಇಡ್ತಾರೆ, ನಾವು ತಿನ್ನೋ ಕೊಬ್ಬರಿ ಪಕ್ಕದಲ್ಲೇ, ಕೆಳಗೆ ಅಡುಗೆಮನೆ ಇರುವಾಗಲೇ! ಇದರ ಬದಲು ಅಟ್ಟದ ಕಂಬಗಳಿಗೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿ ಮೊಳೆ ಹೊಡೀರಿ, ಇಲಿ ಕಾಲಿಗೆ ಹಿಡಿತ ಸಿಗಲ್ಲ, ಜಾರುತ್ತೆ. ತೋಟದ ಮರಕ್ಕೂ ಎಳನೀರು ಕಡಿಯೋ ಇಲಿಗೆ ಇದೇ ಉಪಾಯ. ಅಟ್ಟ ಗೋಡೆಗೆ ತಾಗಿಕೊಂಡಿದ್ರೆ ಆ ಕಡೆ ಜಾಲರಿ. ಹೆಂಚಿನ ಮೇಲೆ ಬಾಗಿರೋ ಮರದ ಕೊಂಬೆ ಕಡಿಸಿ. ಒಂದು ಸಲ ಖರ್ಚು ಬೀಳುತ್ತೆ, ಹೌದು, ಆದ್ರೆ ತಗಡು ವರ್ಷಗಟ್ಟಲೆ ಇರುತ್ತೆ.

ಇಷ್ಟು ತಲೆ ಕೆಡಿಸ್ಕೊಳೋ ಅಗತ್ಯ ಏನು ಅನ್ನೋರಿಗೆ ಇಲಿ ಜ್ವರದ ನೆನಪು ಇರಲಿ. ಲೆಪ್ಟೋಸ್ಪೈರೋಸಿಸ್. ಇಲಿ ಉಚ್ಚೆ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದ್ರೆ ಬರುತ್ತೆ, ಮಳೆಗಾಲದಲ್ಲಿ ಕರಾವಳಿ ಮಲೆನಾಡಲ್ಲಿ ಜಾಸ್ತಿ, ಬಯಲುಸೀಮೇಲಿ ಬರಲ್ಲ ಅಂತೇನಿಲ್ಲ. ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಕ್ಕಾಗದಷ್ಟು ನೋವು, ಕಣ್ಣು ಕೆಂಪು ಇದ್ರೆ ಡಾಕ್ಟರ ಹತ್ತಿರ ‘ನಮ್ಮನೇಲಿ ಇಲಿ ಇದೆ, ಮೋರಿ ಕ್ಲೀನ್ ಮಾಡಿದ್ದೆ’ ಅಂತ ಬಾಯಿಬಿಟ್ಟು ಹೇಳಿ, ಬೇಗ ಗೊತ್ತಾದ್ರೆ ಡಾಕ್ಸಿಸೈಕ್ಲಿನ್ ಥರದ ಮಾಮೂಲಿ ಔಷಧಿಲೇ ಗುಣ ಆಗುತ್ತೆ, ಬಿಟ್ರೆ ಕಿಡ್ನಿ ಲಿವರ್ ತನಕ ಹೋಗುತ್ತೆ. ಹಿಕ್ಕೆನ ಒಣಗಿರೋವಾಗ ಪೊರಕೆಲಿ ಗುಡಿಸಬೇಡಿ, ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಸಿ ಒರೆಸಿ, ಸತ್ತ ಇಲಿನ ಕೈಗೆ ಕವರ್ ಹಾಕ್ಕೊಂಡು ಎತ್ತಿ ಹೂಳಿ.

ನಮ್ಮ ಹಿರಿಯರಿಗೆ ಈ ಭಯ ಗೊತ್ತಿತ್ತು. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಆಮೇಲೆ ಹಳೇ ಮೈಸೂರು ಸೀಮೆ ಪೂರ್ತಿ ವರ್ಷಾನುಗಟ್ಟಲೆ ನರಳಿತು, ಮನೇಲಿ ಇಲಿ ಬಿತ್ತು ಅಂದ್ರೆ ಇಡೀ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿತ್ತು, ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಆಗ ಇಲಿ ಅನ್ನೋದು ಇಡೀ ಊರಿನ ವಿಷಯ ಆಗಿತ್ತು. ಈಗ ಒಬ್ಬೊಬ್ಬರೂ ಅವರವರ ಮನೆ ಬಾಗಿಲು ಹಾಕ್ಕೊಂಡು ಅವರವರ ವಿಷ ಇಡ್ತಾ ಇದೀವಿ, ಇಲಿ ಆ ಮನೆಯಿಂದ ಈ ಮನೆಗೆ ಓಡಾಡ್ಕೊಂಡು ಆರಾಮಾಗಿದೆ. ಗದ್ದೆ ಇಲಿಗೆ ಕೃಷಿ ಇಲಾಖೆಯವರು ಸಾಮೂಹಿಕ ನಿಯಂತ್ರಣ ಅಂತ ಎಲ್ಲ ರೈತರೂ ಒಟ್ಟಿಗೇ ಮಾಡಿ ಅಂತಾರೆ, ಅದೇ ಬುದ್ಧಿ ಊರೊಳಗೆ ಯಾಕೆ ಬೇಡ?

ನಗರಸಭೆ, ಪುರಸಭೆ, ಪಂಚಾಯ್ತಿಗಳು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಂದು, ರಾಗಿ ಕೊಯ್ಲಿನ ಹೊತ್ತಿಗೆ ಒಂದು, ಬೀದಿ ಬೀದಿ ಹಿಡಿದು ಕೆಲಸ ಮಾಡಲಿ. ಒಡೆದ ಮೋರಿ ಚಪ್ಪಡಿ ಸರಿ ಮಾಡಿಸೋದು, ಬಿಲ ಮುಚ್ಚಿಸೋದು, ಕೋಳಿ ಅಂಗಡಿ, ಹೋಟೆಲಿನ ವೇಸ್ಟ್ ರಾತ್ರಿ ಹೊತ್ತು ಮೋರಿಗೆ ಸುರಿಯೋರಿಗೆ ದಂಡ ಹಾಕೋದು, ಕಸದ ಗಾಡಿ ಟೈಮಿಗೆ ಬರೋದು. ಬಡವರ ಮನೆಗಳಿಗೆ ಪಂಚಾಯ್ತಿಯಿಂದಲೇ ಬೋನು ಬಾಡಿಗೆ ಇಲ್ಲದೆ ಕೊಟ್ಟು ವಾಪಸ್ ಇಸ್ಕೊಳಲಿ, ಒಂದು ಊರಿಗೆ ಐವತ್ತು ಬೋನು ಅಂದ್ರೂ ದೊಡ್ಡ ದುಡ್ಡೇನಲ್ಲ. ರಾಜ್ಯ ಸರ್ಕಾರ ರಂಜಕದ ಪೇಸ್ಟನ್ನ ನಿಷೇಧ ಮಾಡಲಿ, ಗಮ್ ಪ್ಯಾಡ್ ಮಾರೋದು ನಿಲ್ಲಿಸಲಿ, ಮಾತ್ರೆ ಎಲ್ಲಿಂದ ಸೋರಿ ಬರ್ತಿದೆ ಅಂತ ಹುಡುಕಲಿ. ನನ್ನ ಥರದ ಅಂಗಡಿಯವರಿಗೂ ಒಂದು ಮಾತು, ಸರ್ಕಾರದ ಆರ್ಡರ್ ಬರೋ ತನಕ ಕಾಯಬೇಡಿ, ಆ ಪೇಸ್ಟಲ್ಲಿ ಸಿಗೋ ಲಾಭ ಎಷ್ಟು ಅಂತ ನಮಗೆಲ್ಲ ಗೊತ್ತು.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಇದು ನಿಲ್ಲೋ ತನಕ ತಿಂಗಳಿಗೆ ಒಂದು ಸಲ ಆದ್ರೂ ಒಂದು ಸಣ್ಣ ಬಾಕ್ಸ್ ಹಾಕಿ: ಇಲಿ ವಿಷ ಯಾರ ಹೊಟ್ಟೆಗಾದ್ರೂ ಹೋಗಿದೆ ಅಂತ ಅನುಮಾನ ಬಂದ್ರೆ ಸಾಕು, ಚೆನ್ನಾಗೇ ಇದಾರಲ್ಲ ಅಂತ ಕಾಯಬೇಡಿ, ವಾಂತಿ ಮಾಡಿಸಬೇಡಿ, ಹಾಲು ಎಣ್ಣೆ ಕುಡಿಸಬೇಡಿ, 108ಕ್ಕೆ ಫೋನ್ ಮಾಡಿ, ಆ ಟ್ಯೂಬು ಅಥವಾ ಪ್ಯಾಕೆಟ್ಟನ್ನ ಜತೆಗೇ ಆಸ್ಪತ್ರೆಗೆ ತಗೊಂಡು ಹೋಗಿ.

ಇಂತಿ,
ಒಬ್ಬ ಹಾರ್ಡ್‌ವೇರ್ ಅಂಗಡಿಯವ, ತಿಪಟೂರು